ನಲ್ಲಿ ತೆರೆದವನು

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೆ ಇಬ್ಬರು, ಕೆಳಗೆ ಇಬ್ಬರು, ನಡುವೆ ಪೆಟ್ಟಿಗೆಯೊಳಗೆ ಸತೂರಿಯೊ. ಹಿಂದಕ್ಕೆ ಹೋಗುವಂತೆಯೂ ಇಲ್ಲ, ಮುಂದಕ್ಕೆ ಬರುವಂತೆಯೂ ಇಲ್ಲ.

"ತಲೆ ಕಡೆ ಎತ್ರೋ. ಇನ್ನೂ ಸ್ವಲ್ಪ. ಗೋಡೆಗೆ ಒರಗಿಸ್ಬೇಡಿ, ಸುಣ್ಣ ಮೆತ್ಕೊಳ್ಳುತ್ತೆ," ಎಂದು ಕೆಳಗಿನಿಂದ ದಮಾಸೊ ಹೇಳುತ್ತಿದ್ದ. ಎಪ್ಪತ್ತಾರರ ಅವನಿಗೆ ಹೊರುವ ಶಕ್ತಿ ಇರಲಿಲ್ಲ, ಹೇಳುವ ಶಕ್ತಿಗೇನೂ ಕಮ್ಮಿಯಿರಲಿಲ್ಲ. ಊರಿನ ದೊಡ್ಡ ವೈನ್ ನೆಲಮಾಳಿಗೆಯಲ್ಲಿ ಇಪ್ಪತ್ತೊಂದು ವರ್ಷ ಮೇಸ್ತ್ರಿಯಾಗಿದ್ದವನು. ತುಂಬಿದ ಪೀಪಾಯಿಗಳನ್ನು ಇಕ್ಕಟ್ಟಿನಲ್ಲಿ ತಿರುಗಿಸಿದವನಿಗೆ ಇದೇನು ಮಹಾ.

"ಗುಲಾಬಿ ಯಾವತ್ತೂ ಹಿಂಗೇ," ಎಂದ ಮೇಲಿನ ಮೂಲೆ ಹಿಡಿದಿದ್ದ ಎಲೋಯ್, ಪೀಪಾಯಿ ಕಟ್ಟುವವನು. "ಮನೆ ಬಿಟ್ಟು ಹೊರಡು ಅಂದ್ರೆ ಒಂದು ಗಂಟೆ."

ಹೊತ್ತವರು ನಾಲ್ವರೂ ನಕ್ಕರು. ದಮಾಸೊ ನಗಲಿಲ್ಲ.

ಒಂದು ಪೀಪಾಯಿ ಬಿಳಿ ವೈನಿಗೆ ಕೆಂಪು ಹತ್ತಿಸಿ ಕೆಡಿಸಿದವನೆಂದು ಸತೂರಿಯೊಗೆ ಊರು ಇಟ್ಟ ಹೆಸರು ಗುಲಾಬಿ. ಮೂವತ್ತೆರಡು ವರ್ಷದಲ್ಲಿ ಅದು ಅವನ ಹೆಂಡತಿಗೆ, ಮಗಳಿಗೆ, ಕೊನೆಗೆ ಮಗಳ ನಾಯಿಗೂ ಅಂಟಿಕೊಂಡಿತ್ತು. ಇಗರ್ಜಿಯ ಬಾಗಿಲಿಗೆ ಹಚ್ಚಿದ ಸಾವಿನ ಚೀಟಿಯಲ್ಲೂ ಹೆಸರಿನ ಕೆಳಗೆ ಕಂಸದಲ್ಲಿ ಅದೇ ಇತ್ತು. ಇಲ್ಲದಿದ್ದರೆ ಸತ್ತವರು ಯಾರೆಂದು ಊರಿಗೆ ತಿಳಿಯುವುದಿಲ್ಲ. ನ್ಯಾಯವಾಗಿ ಆ ಹೆಸರು ಸೇರಬೇಕಾದದ್ದು ದಮಾಸೊಗೆ. ಅದು ಗೊತ್ತಿದ್ದವರು ಇಬ್ಬರೇ, ಒಬ್ಬ ಈಗ ಮೆಟ್ಟಿಲ ತಿರುವಿನಲ್ಲಿದ್ದ. ಸ್ಮಶಾನದ ಗೋಡೆಯಲ್ಲಿ ಅವನ ಗೂಡು ಮುಚ್ಚುವುದರೊಳಗೆ ನಿಜ ಹೇಳಿಬಿಡಬೇಕು ಎಂದು ದಮಾಸೊ ಬೆಳಿಗ್ಗೆ ಗಡ್ಡ ಹೆರೆಯುವಾಗ ತೀರ್ಮಾನ ಮಾಡಿದ್ದ.

"ಈಗ ಓರೆ ಮಾಡಿ. ಹಾಂ, ಬಂತು," ಎಂದ.

*

ಸ್ಪೇನಿನ ರಿಯೋಹಾ ಸೀಮೆಯ ಆ ಮಾಳಿಗೆಯಲ್ಲಿ ಬಿಳಿ ವೈನನ್ನೂ ಕೆಂಪಿನ ಹಾಗೆಯೇ ಓಕ್ ಪೀಪಾಯಿಯಲ್ಲಿ ಆರು ವರ್ಷ, ಎಂಟು ವರ್ಷ ಇಡುತ್ತಿದ್ದರು. ವರ್ಷಕ್ಕೆರಡು ಸಲ ಗಸಿ ಬಿಟ್ಟು ತಿಳಿಯನ್ನಷ್ಟೇ ಇನ್ನೊಂದು ಪೀಪಾಯಿಗೆ ಬಸಿಯಬೇಕು. ಅದು ಇಬ್ಬರ ಕೆಲಸ, ಸರದಿಯ ಮೇಲೆ. ಒಬ್ಬ ಖಾಲಿ ಪೀಪಾಯಿ ಆರಿಸಿ, ತೂತಿಗೆ ಮೂಗಿಟ್ಟು ಮೂಸಿ, ಸೀಮೆಸುಣ್ಣದಲ್ಲಿ ಬಿಳಿಗೋ ಕೆಂಪಿಗೋ ಎಂದು ಬರೆಯುತ್ತಾನೆ. ಇನ್ನೊಬ್ಬ ನಲ್ಲಿ ತೆರೆದು, ಲೋಟವನ್ನು ಮೇಣದಬತ್ತಿಗೆ ಹಿಡಿದು ನೋಡುತ್ತಾ, ವೈನು ಮಬ್ಬಾದೊಡನೆ ನಿಲ್ಲಿಸುತ್ತಾನೆ. ಒಮ್ಮೆ ಕೆಂಪು ಕುಡಿದ ಮರಕ್ಕೆ ಬಿಳಿ ಹಾಕುವಂತಿಲ್ಲ. ಎಷ್ಟು ತೊಳೆದರೂ ಬಣ್ಣ ಬಿಡುತ್ತದೆ.

೧೯೭೧ರ ಮಾರ್ಚಿನಲ್ಲಿ ದಮಾಸೊಗೆ ನೆಗಡಿಯಾಯಿತು. ಮೂಗು ಕಟ್ಟಿದವನನ್ನು ಮಾಳಿಗೆಯೊಳಗೆ ಬಿಡುವುದಿಲ್ಲ, ಪೀಪಾಯಿ ತೊಳೆಯಲು ಅಂಗಳಕ್ಕೆ ಅಟ್ಟುತ್ತಾರೆ. ಆ ತಿಂಗಳು ಹೊಸ ಮೇಸ್ತ್ರಿಯನ್ನು ಆರಿಸುವುದಿತ್ತು: ದಮಾಸೊ, ಇಲ್ಲವೇ ಸತೂರಿಯೊ. ಹಾಗಾಗಿ ದಮಾಸೊ ನೆಗಡಿಯ ಮಾತೇ ಎತ್ತಲಿಲ್ಲ. ತೂತಿಗೆ ಮೂಗಿಟ್ಟ, ಏನೂ ಹತ್ತಲಿಲ್ಲ, ಅಂದಾಜಿನ ಮೇಲೆ ಬಿಳಿಗೆ ಎಂದು ಬರೆದ. ಸತೂರಿಯೊ ಬರೆದದ್ದನ್ನು ನಂಬಿ ನಲ್ಲಿ ತೆರೆದ.

ಹದಿನೈದು ದಿನದ ಮೇಲೆ ಯಜಮಾನರು ಆ ಪೀಪಾಯಿಯಿಂದ ಒಂದು ಲೋಟ ತೆಗೆದು ಕಿಟಕಿಗೆ ಹಿಡಿದರು. ಏಳು ವರ್ಷದಲ್ಲಿ ಬಂಗಾರದ ಬಣ್ಣಕ್ಕೆ ಬಂದಿದ್ದ ವೈನು ಈರುಳ್ಳಿ ಸಿಪ್ಪೆಯಂತಾಗಿತ್ತು. ಸೀಮೆಸುಣ್ಣ ಅಷ್ಟರಲ್ಲಿ ತೇವಕ್ಕೆ ಅಳಿಸಿಹೋಗಿತ್ತು.

"ಯಾರ ಕೆಲಸ ಇದು?"

ಸತೂರಿಯೊ ಒಂದು ಗಳಿಗೆ ದಮಾಸೊನ ಮುಖ ನೋಡಿದ. "ನಲ್ಲಿ ತೆರೆದವನು ನಾನೇ," ಎಂದ.

ಸುಳ್ಳಂತೂ ಅಲ್ಲ. ಯಜಮಾನರು ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡರು, ಬರೆದವನು ಯಾರು ಎಂದು ಕೇಳಲಿಲ್ಲ. ಕೇಳಲಿ ಎಂದು ದಮಾಸೊ ಕಾದ, ಕೇಳದಿದ್ದರೆ ಸಾಕಪ್ಪಾ ಎಂದೂ ಕಾದ.

ಅವನು ಮೇಸ್ತ್ರಿಯಾದ. ಸತೂರಿಯೊ ನಿವೃತ್ತಿಯವರೆಗೂ ನಲ್ಲಿಯ ಮುಂದೆ ಮಂಡಿಯೂರಿದ. ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಇಸ್ಪೀಟು ಆಡುತ್ತಿದ್ದರು. ಎಷ್ಟೋ ವರ್ಷದ ಮೇಲೆ ಒಮ್ಮೆ ದಮಾಸೊ, "ಅವತ್ತು ಆ ಪೀಪಾಯಿ..." ಎಂದು ಶುರುಮಾಡಿದ.

"ಬಿಡೋ ಮಾರಾಯ," ಎಂದ ಸತೂರಿಯೊ, ಎಲೆ ಹಾಕುತ್ತಾ. "ಗಸಿ ಕೆಳಗೆ ಕೂತಿದೆ. ಈಗ ಯಾಕೆ ಕದಡ್ತೀಯ?"

ದಮಾಸೊಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ಮನೆಗೆ ಹೋಗುವ ದಾರಿಯುದ್ದಕ್ಕೂ ನಾಚಿಕೆಯಾಯಿತು.

*

ಪೆಟ್ಟಿಗೆಯನ್ನು ಬಾಗಿಲ ಬಳಿ ಎರಡು ಕುರ್ಚಿಗಳ ಮೇಲೆ ಇಳಿಸಿದರು. ಇಗರ್ಜಿಯ ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು. ಸತೂರಿಯೊನ ಹೆಂಡತಿ ಪೆತ್ರಾ ಹೊತ್ತವರಿಗೆಲ್ಲ, ದಮಾಸೊಗೂ, ಲೋಟ ಕೊಟ್ಟಳು. ಮಾಳಿಗೆಯಿಂದ ಎರಡು ಬಾಟಲಿ ಹಳೆಯ ಬಿಳಿ ಕಳಿಸಿದ್ದರು.

ದಮಾಸೊ ಲೋಟ ಮುಟ್ಟಲಿಲ್ಲ. "ಪೆತ್ರಾ, ಒಂದು ಮಾತು ಹೇಳ್ಬೇಕು. ಎಲ್ಲರೂ ಕೇಳ್ಲಿ. ಆ ಪೀಪಾಯಿ ಕೆಡಿಸಿದ್ದು ಸತೂರಿಯೊ ಅಲ್ಲ, ನಾನು. ಬಿಳಿಗೆ ಅಂತ ಬರೆದವನು ನಾನು. ನೆಗಡಿ ಇತ್ತು, ವಾಸನೆ ಹತ್ಲಿಲ್ಲ, ಆದ್ರೂ ಬರೆದುಬಿಟ್ಟೆ. ಅವನು ನನ್ನ ತಪ್ಪನ್ನ ತನ್ನ ಮೈಮೇಲೆ ಹಾಕ್ಕೊಂಡ."

ಎಲೋಯ್ ಅವನ ಹೆಗಲ ಮೇಲೆ ಕೈ ಇಟ್ಟ. "ಸ್ನೇಹಿತ ಅಂದ್ರೆ ಇವನು ನೋಡಿ."

"ಸ್ನೇಹಕ್ಕೆ ಹೇಳ್ತಿಲ್ಲ ಕಣೋ. ನಡೆದದ್ದು ಹೇಳ್ತಿದ್ದೀನಿ."

"ಗೊತ್ತು, ಗೊತ್ತು. ನಮ್ಮಪ್ಪ ಹೋದಾಗ ನಾನೂ ಅಷ್ಟೇ, ಅವನು ಕುಡೀತಾನೇ ಇರ್ಲಿಲ್ಲ ಅಂತ ಪಾದ್ರಿ ಮುಂದೆ ಆಣೆ ಮಾಡಿದ್ದೆ. ಪಾದ್ರಿ ಬಿದ್ದು ಬಿದ್ದು ನಕ್ಕ."

"ಎಲೋಯ್, ನಾನು ನಿಜವಾಗ್ಲೂ..."

"ನಿನ್ನ ಮೂಗು ತಪ್ಪೋದಾ? ಇಪ್ಪತ್ತೊಂದು ವರ್ಷ ಮೇಸ್ತ್ರಿ. ಯಾರ ಹತ್ರ ಹೇಳ್ತೀಯ?"

ಮಗಳು ಇನೇಸ್ ಅಳುತ್ತಾ ಬಂದು ದಮಾಸೊನ ಕೆನ್ನೆಗೆ ಮುತ್ತಿಟ್ಟಳು. "ಅಪ್ಪನಿಗೋಸ್ಕರ ಯಾರೂ ಇಷ್ಟು ಮಾಡಿಲ್ಲ, ಮಾಮ."

ಅವನು ಹೆಚ್ಚು ಹೇಳಿದಷ್ಟೂ ಅವರ ಕಣ್ಣಲ್ಲಿ ದೊಡ್ಡವನಾಗುತ್ತಿದ್ದ. ಇಂಥ ಪಚೀತಿಗೆ ಅವನು ಸಿದ್ಧನಾಗಿ ಬಂದಿರಲಿಲ್ಲ. ಬೈದಾರು, ಉಗಿದಾರು, ಪೆತ್ರಾ ಹೊರಗೆ ಹೋಗು ಎಂದಾಳು, ಇಷ್ಟನ್ನೇ ಎಣಿಸಿದ್ದ. ಕೊನೆಗೆ ಅವಳ ಕಡೆ ತಿರುಗಿದ. "ನೀನಾದ್ರೂ ನಂಬು."

ಪೆತ್ರಾ ಬಾಟಲಿಯನ್ನು ಕೆಳಗಿಟ್ಟಳು. "ಅವತ್ತು ಮನೆಗೆ ಬಂದು ಇದೇ ಕುರ್ಚಿ ಮೇಲೆ ಕೂತು, ನನ್ನ ಕೈಯಿಂದ ತಪ್ಪಾಯ್ತು ಪೆತ್ರಾ, ಅಂದ. ನಾನು ಮೂರು ದಿನ ಮಾತು ಬಿಟ್ಟೆ. ಆಮೇಲೆ ಹೋಗ್ಲಿ ಅಂತ ಕ್ಷಮಿಸಿದೆ. ನನ್ನ ಹತ್ರ ಅವನು ಸುಳ್ಳು ಹೇಳಿದವನಲ್ಲ, ದಮಾಸೊ. ಅದೊಂದು ಹೆಮ್ಮೆ ನನಗೆ. ಈಗ ನೀನು, ಅವನು ಹೇಳಿದ್ದು ಸುಳ್ಳು ಅಂತೀಯಾ?"

ಹೌದು ಎಂಬುದು ದಮಾಸೊನ ನಾಲಗೆಯ ತುದಿಯವರೆಗೂ ಬಂತು. ಪೆತ್ರಾ ಅವನನ್ನೇ ನೋಡುತ್ತಿದ್ದಳು.

"ಇಲ್ಲ," ಎಂದ.

"ಹಂಗಾದ್ರೆ ಕುಡಿ."

ಅವನು ಕುಡಿದ. ವೈನು ಚೆನ್ನಾಗಿತ್ತು.

*

ಸ್ಮಶಾನದ ಗೋಡೆಯಲ್ಲಿ ಶವಪೆಟ್ಟಿಗೆ ಇಡುವ ಗೂಡುಗಳು, ಸಾಲು ಸಾಲಾಗಿ. ಸತೂರಿಯೊನದು ಎದೆಯೆತ್ತರದ ಸಾಲಿನಲ್ಲಿ ಕೊನೆಯದು. ಪಾದ್ರಿ ಪ್ರಾರ್ಥನೆ ಮುಗಿಸಿ ಹೋದ ಮೇಲೆ ಗಾರೆಯವನು ಬಾಸಿಲಿಯೊ ಇಟ್ಟಿಗೆ ಇಟ್ಟು ಗೂಡಿನ ಬಾಯಿ ಮುಚ್ಚಿದ, ಮೇಲೆ ಗಾರೆ ಬಳಿದು ನುಣ್ಣಗೆ ಮಾಡಿದ. ಹೆಸರಿನ ಕಲ್ಲು ಬರಲು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಹಸಿ ಗಾರೆಯ ಮೇಲೆ ಮೊಳೆಯಲ್ಲಿ ಹೆಸರು ಗೀರುವುದು ರೂಢಿ. ಬಾಸಿಲಿಯೊ ಜೇಬಿನಿಂದ ಮೊಳೆ ತೆಗೆದ.

"ನೀನಲ್ಲ," ಎಂದಳು ಪೆತ್ರಾ. "ದಮಾಸೊ ಬರೀಲಿ. ಅಷ್ಟು ದೊಡ್ಡ ಮನಸ್ಸು ಮಾಡಿದಾನೆ ಇವತ್ತು."

ದಮಾಸೊ ಮೊಳೆ ಹಿಡಿದು ಹೆಸರು ಬರೆದ, ಇಸವಿ ಬರೆದ. ಮೊಳೆಯನ್ನು ಹಿಂದಕ್ಕೆ ಚಾಚಿದ.

"ಇನ್ನೊಂದು ಇದೆಯಲ್ಲ," ಎಂದಳು.

"ಅದು ಬೇಡ, ಪೆತ್ರಾ."

"ಅದಿಲ್ದೆ ಹೂ ತಂದವರು ಎಲ್ಲಿಡ್ತಾರೆ? ಇದೇ ಸಾಲಲ್ಲಿ ಇನ್ನೊಬ್ಬ ಸತೂರಿಯೊ ಇದ್ದಾನೆ, ಆ ಜಿಪುಣ. ಅವನಿಗೆ ಹೋಗುತ್ತೆ ಹೂವೆಲ್ಲ."

ಹಿಂದೆ ಯಾರೋ ನಕ್ಕರು. ದಮಾಸೊ ಮೊಳೆಯ ತುದಿಗೆ ಹತ್ತಿದ್ದ ಗಾರೆಯನ್ನು ಉಜ್ಜಿ ಉಜ್ಜಿ ತೆಗೆಯತೊಡಗಿದ.

"ಬೇಗ, ಮೇಸ್ತ್ರೀ," ಎಂದ ಬಾಸಿಲಿಯೊ. "ಗಾರೆ ಗಟ್ಟಿಯಾಗ್ತಿದೆ."

ದಮಾಸೊ ಮೊಳೆಯನ್ನು ಒತ್ತಿದ. ಗಾರೆ ಅಷ್ಟರಲ್ಲೇ ಬಿಗಿದಿತ್ತು, ಪ್ರತಿ ಗೀರಿಗೂ ಎರಡೆರಡು ಸಲ ಎಳೆಯಬೇಕಾಯಿತು. ಗುಲಾಬಿ ಎಂದು ಮುಗಿಸಿದಾಗ ಪೆತ್ರಾ ಹತ್ತಿರ ಬಂದು ಓದಿದಳು, ಸರಿಯಾಗಿದೆ ಎಂದು ತಲೆಯಾಡಿಸಿದಳು. ಆಮೇಲೆ ತನ್ನ ಕರವಸ್ತ್ರ ತೆಗೆದು, ಅವನ ಕೈ ಹಿಡಿದುಕೊಂಡು, ಒಂದೊಂದೇ ಬೆರಳಿಗೆ ಹತ್ತಿದ್ದ ಗಾರೆಯನ್ನು ಒರೆಸತೊಡಗಿದಳು.