ದಿಬ್ಬದ ಪಕ್ಕದ ಸಂದು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ದುಡಿದವರು ಕಂಡಕ್ಟರಮ್ಮ. ನಿವೃತ್ತಿಯಾದ ಮೇಲೆ ಕಾಲು ಚಾಚಿ ಕೂರಬೇಕು ಅಂದುಕೊಂಡಿದ್ದರು. ಮೂರೇ ವಾರಕ್ಕೆ ಕೂತು ಕೂತು ತಲೆ ಕೆಟ್ಟುಹೋಯಿತು. ಒಂದು ಭಾನುವಾರ ಬೆಳಿಗ್ಗೆ ಸೊಸೆ ಬಿಲ್ಲುಬಾಣದ ಚೀಲ ಹೆಗಲಿಗೇರಿಸಿ ಕ್ಲಬ್ಬಿಗೆ ಹೊರಟಾಗ, "ನಾನೂ ಬರ್ತೀನಿ ಕಣೇ, ಒಂದು ಮೂಲೇಲಿ ಕೂತಿರ್ತೀನಿ" ಎಂದು ಚಪ್ಪಲಿ ಮೆಟ್ಟಿದರು.

ಮೂಲೆ ಹಿಡಿದು ಕೂರುವ ಜಾಯಮಾನ ಅವರದಲ್ಲ. ಅಲ್ಲಿ ಒಬ್ಬ ಬಾಣ ಬಿಡುತ್ತಿರುವಾಗಲೇ ಇನ್ನೊಬ್ಬ ತನ್ನ ಬಾಣ ಕೀಳಲು ಗೆರೆ ದಾಟುತ್ತಿದ್ದ. ಮತ್ತೊಬ್ಬಳು ಜಡೆ ಕಟ್ಟದೆ ಹೆದೆ ಎಳೆಯುತ್ತಿದ್ದಳು. ಕಂಡಕ್ಟರಮ್ಮ ಎದ್ದೇಬಿಟ್ಟರು. ಎರಡು ತಿಂಗಳಲ್ಲಿ ಮೈದಾನದ ಸುರಕ್ಷತೆಯ ಹೊಣೆ ಅವರ ಕೈಗೂ, ಸೀಟಿ ಅವರ ಕೊರಳಿಗೂ ಬಂತು.

ಮೊದಮೊದಲು ಎಡವಟ್ಟಾಯಿತು. ಬಸ್ಸಿನಲ್ಲಿ ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಇಲ್ಲಿ ಎರಡು ಊದಿದರೆ ಗೆರೆಗೆ ಬಂದು ನಿಲ್ಲಬೇಕು, ಒಂದು ಊದಿದರೆ ಬಾಣ ಬಿಡಬೇಕು, ಮೂರು ಊದಿದ ಮೇಲೆ ಬಾಣ ಕೀಳಲು ಹೋಗಬೇಕು. ಎಡೆಬಿಡದೆ ಊದಿದರೆ ಮಾತ್ರ ಒಂದೇ ಅರ್ಥ: ಎಳೆದ ಹೆದೆಯನ್ನು ಬಿಡದೆ ಮೆಲ್ಲಗೆ ಇಳಿಸಿ, ಬಾಣವನ್ನು ಬತ್ತಳಿಕೆಗೆ ಹಾಕಿ ಸುಮ್ಮನೆ ನಿಲ್ಲಬೇಕು. ಮನೆಯಲ್ಲಿ ಸೊಸೆ ಇದನ್ನೆಲ್ಲ ಬಾಯಿಪಾಠ ಮಾಡಿಸಿದಳು. ಮಗ, "ಅಮ್ಮಾ, ನನಗೆ ಊಟಕ್ಕೆ ಎಷ್ಟು ಸೀಟಿ?" ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡ.

ಅವರಿಗೆ ನಿದ್ದೆ ಕೆಡಿಸುತ್ತಿದ್ದದ್ದು ಒಂದೇ ವಿಷಯ. ಮೈದಾನದ ಕೊನೆಯಲ್ಲಿ ಹುಲ್ಲಿನ ಗುರಿಹಲಗೆಗಳು, ಅವುಗಳ ಬೆನ್ನಿಗೆ ಆಳೆತ್ತರದ ಮಣ್ಣಿನ ದಿಬ್ಬ. ಚರಂಡಿ ಪೈಪು ಆ ಕಡೆಯೇ ಇದ್ದುದರಿಂದ ಹೊಸ ಶೌಚಾಲಯವನ್ನು ದಿಬ್ಬದ ಹಿಂದೆ ಕಟ್ಟಿಸಿದ್ದರು. ಅಲ್ಲಿಗೆ ಹೋಗಲು ಹೊರಗಿನ ದೊಡ್ಡ ಗೇಟಿನಿಂದ ಸುತ್ತು ದಾರಿ ಇತ್ತು. ಆದರೆ ಕೊನೆಯ ಹಲಗೆಯ ಪಕ್ಕದಲ್ಲಿ, ದಿಬ್ಬಕ್ಕೂ ಕಾಂಪೌಂಡಿಗೂ ನಡುವೆ ಒಬ್ಬರು ನುಸುಳುವಷ್ಟು ಸಂದು ಉಳಿದುಬಿಟ್ಟಿತ್ತು. ಕಂಡಕ್ಟರಮ್ಮ ಅದಕ್ಕೆ ಹಗ್ಗ ಕಟ್ಟಿದರು. ಮರುವಾರ ಹಗ್ಗ ಬಿಚ್ಚಿ ಬಿದ್ದಿತ್ತು.

ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು, ಮೆದು ಮಾತಿನವರು. "ಇಷ್ಟು ದಿನ ಏನೂ ಆಗಿಲ್ವಲ್ಲಮ್ಮ" ಎಂದರು.

"ಆಗೋವರೆಗೂ ಏನೂ ಆಗಿರಲ್ಲ ಸಾರ್. ಒಂದು ತಂತಿ ಬೇಲಿ ಹಾಕ್ಸಿ."

"ಪಂದ್ಯ ಒಂದು ಮುಗೀಲಿ, ನೋಡೋಣ."

ಪಂದ್ಯದ ದಿನ ಮೂರು ಕ್ಲಬ್ಬಿನವರು ಬಂದಿದ್ದರು. ಬಿಸಿಲು ಹದವಾಗಿತ್ತು, ಗಾಳಿ ಇರಲಿಲ್ಲ. ಸೊಸೆಯ ಕೈ ಅವತ್ತು ಎಂದಿಗಿಂತ ಚೆನ್ನಾಗಿ ಕೂತಿತ್ತು. ಕೊನೆಯ ಸುತ್ತಿಗೆ ಬಂದಾಗ ಅವಳು ಎರಡನೇ ಸ್ಥಾನದಲ್ಲಿದ್ದಳು. ಒಂದೇ ಬಾಣ ಬಾಕಿ. ಅವಳು ಹೆದೆಯನ್ನು ಗಲ್ಲಕ್ಕೆ ತಂದು ಉಸಿರು ಹಿಡಿದಳು.

ಆಗ ಕೊನೆಯ ಹಲಗೆಯ ಪಕ್ಕ, ನೆಲದಿಂದ ಮೊಳ ಎತ್ತರದಲ್ಲಿ, ಕೆಂಪು ಟೋಪಿಯೊಂದು ಅಲುಗಿದ್ದು ಕಂಡಕ್ಟರಮ್ಮನ ಕಣ್ಣಿಗೆ ಬಿತ್ತು.

ಅವರು ಯೋಚಿಸಲಿಲ್ಲ. ಸೀಟಿ ಬಾಯಿಗೆ ಹೋಗಿತ್ತು. ಎಡೆಬಿಡದೆ ಊದಿದರು, ಕೊರಳಿನ ನರ ಉಬ್ಬುವ ಹಾಗೆ. ಗೆರೆಯಲ್ಲಿದ್ದವರೆಲ್ಲ ಹೆದೆ ಇಳಿಸಿದರು. ಹೊರಗಿನ ಕ್ಲಬ್ಬಿನವನೊಬ್ಬನ ಬಾಣ ಮಾತ್ರ ಅದೇ ಕ್ಷಣಕ್ಕೆ ಕೈಬಿಟ್ಟು ಹೋಗಿತ್ತು. ಅದು ಕೊನೆಯದರ ಪಕ್ಕದ ಹಲಗೆಗೆ ದಪ್ಪೆಂದು ನಾಟಿತು. ಟೋಪಿಯಿಂದ ಅಲ್ಲಿಗೆ ನಾಲ್ಕು ಮಾರು ದೂರ.

ಟೋಪಿಯ ಕೆಳಗಿನಿಂದ ಪ್ಲಂಬರ್ ಎದ್ದು ನಿಂತ, ಕೈಯಲ್ಲಿ ಪೈಪು ತಿರುಗಿಸುವ ಪಾನ. "ಶೌಚಾಲಯದಲ್ಲಿ ನೀರು ಸೋರ್ತಿದೆ ಅಂತ ಕರೆದ್ರು. ವಾಲ್ವ್ ಈ ಕಡೆ ಇದೆ ಅಂದ್ರು" ಎಂದ. ಬಾಣವನ್ನು ನೋಡಿದ, ಸಾಲಾಗಿ ನಿಂತ ಹನ್ನೆರಡು ಬಿಲ್ಲುಗಳನ್ನು ನೋಡಿದ, ಮತ್ತೆ ಅಲ್ಲೇ ಕುಸಿದು ಕೂತ. ಕಂಡಕ್ಟರಮ್ಮ ಹೋಗಿ ಅವನ ತೋಳು ಹಿಡಿದು ಎಬ್ಬಿಸಿ ಕರೆತಂದು, ತಮ್ಮ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು.

ತೀರ್ಪುಗಾರರು ಬಾಣ ಬಿಡಲು ಉಳಿದಿದ್ದ ಸಮಯವನ್ನು ಮತ್ತೆ ಕೊಟ್ಟರು. ಸೊಸೆ ಇನ್ನೊಮ್ಮೆ ಹೆದೆ ಎಳೆದಳು; ಆದರೆ ಕೂತಿದ್ದ ಕೈ ಎದ್ದುಹೋಗಿತ್ತು. ಬಾಣ ಆರು ಅಂಕದ ವೃತ್ತಕ್ಕೆ ಬಿತ್ತು. ಎರಡನೆಯವಳು ನಾಲ್ಕನೆಯವಳಾದಳು. ಪದಕ ಮೂವರಿಗೆ ಮಾತ್ರ.

ಕಂಡಕ್ಟರಮ್ಮ ಸ್ಕೂಟರಿನಲ್ಲಿ ಸೊಸೆಯ ಹಿಂದೆ ಕೂತು ಮನೆಗೆ ಹೊರಟರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, "ನಿನ್ ಕೈಗೆ ಬಂದಿದ್ದು ನನ್ನಿಂದ ತಪ್ಪಿಹೋಯ್ತು" ಎಂದರು.

ಸೊಸೆ ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದಳು. "ಹೊಟ್ಟೆ ಉರೀತಿದೆ ಅತ್ತೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಎರಡು ದಿನ ಉರಿಯುತ್ತೆ. ಆದ್ರೆ ನೀವು ಊದದೇ ಇದ್ದಿದ್ರೆ ಈ ಜನ್ಮದಲ್ಲಿ ಬಿಲ್ಲು ಮುಟ್ತಿರಲಿಲ್ಲ ನಾನು." ಹಿಂದಕ್ಕೆ ತಿರುಗಿ, "ನಾನು ಹೆದೆ ಇಳಿಸಿದ್ದು ನೋಡಿದ್ರಾ? ಒಂಚೂರೂ ಜಾರಲಿಲ್ಲ" ಎಂದಳು.

"ನೋಡ್ದೆ ಕಣೇ. ಅಷ್ಟು ಅಚ್ಚುಕಟ್ಟಾಗಿ ಇನ್ಯಾರೂ ಇಳಿಸಲಿಲ್ಲ."

ಹಿಂದಿನ ಗಾಡಿಯವನು ಹಾರನ್ ಹೊಡೆದ. ಅತ್ತೆ ಸೊಸೆಯ ಬೆನ್ನು ತಟ್ಟಿ, ಹೊರಡು ಎಂದರು.

ಮರುದಿನ ಬೆಳಿಗ್ಗೆ ಕಂಡಕ್ಟರಮ್ಮ ಕ್ಲಬ್ಬಿಗೆ ಹೋದಾಗ ಹಲ್ಲಿನ ಡಾಕ್ಟರು ದವಾಖಾನೆಗೆ ರಜೆ ಹಾಕಿ, ಅಂಗಿಯ ತೋಳು ಮಡಚಿ, ಸಂದಿನಲ್ಲಿ ಕಂಬ ನೆಡುತ್ತಿದ್ದರು. ಯಾರೂ ಕರೆಯದಿದ್ದರೂ ಬಂದಿದ್ದ ಪ್ಲಂಬರ್ ತಂತಿ ಬಿಗಿಯುತ್ತಿದ್ದ. ಡಾಕ್ಟರು ಬೆವರೊರೆಸಿಕೊಂಡು, "ಆ ಹಗ್ಗ ಬಿಚ್ಚಿದ್ದು ನಾನೇ ಅಮ್ಮಾ. ಸುತ್ತಿ ಬರೋಕೆ ಸೋಮಾರಿತನ" ಎಂದರು. ಕಂಡಕ್ಟರಮ್ಮನಿಗೆ ಬಾಯಿತುಂಬ ಹೇಳುವುದಿತ್ತು. ಡಾಕ್ಟರ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆ ನೋಡಿ ಅಷ್ಟನ್ನೂ ನುಂಗಿಕೊಂಡರು. "ತಂತಿ ಕೆಳಗಿನ ಸಾಲು ಸಡಿಲ ಇದೆ ಸಾರ್" ಎಂದಷ್ಟೇ ಹೇಳಿ ಇಕ್ಕಳ ಕೈಗೆತ್ತಿಕೊಂಡರು.

ಕೆಲಸ ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಮೂವರೂ ತಗಡಿನ ಚಪ್ಪರದ ಕೆಳಗೆ ಚಹಾ ಕುಡಿದರು. ಪ್ಲಂಬರ್ ಲೋಟ ತಿರುಗಿಸುತ್ತ, "ನನ್ನಂಥವ್ರಿಗೂ ಇದನ್ನ ಕಲಿಸ್ತಾರಾ?" ಎಂದು ಕೇಳಿದ.

"ಯಾಕೆ ಕಲಿಸಲ್ಲ?" ಎಂದರು ಡಾಕ್ಟರು.

"ಭಾನುವಾರ ಏಳಕ್ಕೆ ಬಾ, ದೊಡ್ಡ ಗೇಟಿನಿಂದ" ಎಂದರು ಕಂಡಕ್ಟರಮ್ಮ. ಅವನು ತಲೆಯಾಡಿಸಿ ನಕ್ಕ. ಅವರು ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.