ಜಪಸರದ ನಡುವೆ ಒಂದು ಉಸಿರು

ಬೆಳಿಗ್ಗೆ ಜೆಟ್ಟಿಗೆ ಹೋದ ಬಸಿಲಿಸಾಳ ಬುಟ್ಟಿ ಮಧ್ಯಾಹ್ನ ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ಮರಳಿತು. ಅಂಟಕ್ಕಿಯನ್ನು ತೆಂಗಿನ ಹಾಲಿನಲ್ಲಿ ಕಲಸಿ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಸುಮಾನ್ ಕಡುಬು ಅದು. ಬೋಹೋಲ್ ದ್ವೀಪದ ಆ ಕರಾವಳಿಯಲ್ಲಿ ಅವಳ ಸುಮಾನ್ ಕೊಳ್ಳದೆ ಸಮುದ್ರಕ್ಕಿಳಿಯುವ ದೋಣಿಯವರೇ ಇರಲಿಲ್ಲ. ಈಗ ಒಬ್ಬರೂ ಮುಟ್ಟುತ್ತಿಲ್ಲ.

ಕಿಟಕಿಯಿಂದ ಅದನ್ನು ನೋಡಿದ ಪೆಲಾಜಿಯಾ ಪರದೆ ಎಳೆದುಕೊಂಡಳು. ಕಾರಣ ಅವಳೊಬ್ಬಳಿಗೇ ಗೊತ್ತಿತ್ತು.

ಪೆಲಾಜಿಯಾ ಊರಿನ ಪ್ರಾರ್ಥನೆ ನಡೆಸುವಾಕೆ. ಯಾರ ಮನೆಯಲ್ಲಿ ಸಾವಾದರೂ ಒಂಬತ್ತು ಸಂಜೆ ಜಪಸರ ಹಿಡಿದು ಮುಂದೆ ಕೂರುವವಳು ಅವಳೇ. ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧವನ್ನು ಮುಂದೆ ಕೂತವರು ಹೇಳಬೇಕು, ಉಳಿದರ್ಧವನ್ನು ಜನ ಹೇಳಬೇಕು. ಪೆಲಾಜಿಯಾ ಮಾತ್ರ ಜನರ ಬಾಯಲ್ಲಿ ಮಾತಿನ್ನೂ ಇರುವಾಗಲೇ ಮುಂದಿನದನ್ನು ಎತ್ತಿಬಿಡುತ್ತಿದ್ದಳು. ಆ ಓಟಕ್ಕೆ ಅವಳು ಸುತ್ತಲ ಊರುಗಳಲ್ಲೆಲ್ಲ ಹೆಸರುವಾಸಿ. ಅಂಗಳದಲ್ಲಿ ಇಸ್ಪೀಟು ಹಿಡಿದು ಕೂತ ಗಂಡಸರು, "ನಾಂಗ್ ಪೆಲಾಜಿಯಾ ಜಪ ಹಿಡಿದ್ರೆ ಸತ್ತೋರು ಒಂದೇ ಓಟಕ್ಕೆ ಸ್ವರ್ಗದ ಬಾಗಿಲು ದಾಟ್ತಾರೆ ಕಣ್ರೋ" ಎಂದು ನಗುತ್ತಿದ್ದರು. ಅಕ್ಕನಿಗೆ ಅಲ್ಲಿ ನಾಂಗ್ ಅನ್ನುತ್ತಾರೆ. ಆ ಹೊಗಳಿಕೆ ಅವಳಿಗೆ ಹಿತವಾಗಿಯೇ ಇತ್ತು.

ಆದರೆ ಕಳೆದ ಬಿರುಗಾಳಿಯಲ್ಲಿ ಮನೆಯ ಸೂರು ಹಾರಿಹೋದಾಗಿನಿಂದ ಅವಳ ಎದೆಯೊಳಗೆ ಏನೋ ಸೇರಿಕೊಂಡಿತ್ತು. ಸುಮ್ಮನೆ ಕೂತಿದ್ದಾಗಲೂ ಎದೆ ಡವಡವ ಹೊಡೆದುಕೊಳ್ಳುವುದು, ಬೆರಳು ಜುಮುಗುಡುವುದು. ಯಾರಿಗೂ ಹೇಳಿರಲಿಲ್ಲ. ಬಸಿಲಿಸಾಳ ಗಂಡ, ದೋಣಿ ಕಟ್ಟುವ ನಿಕಾನೋರ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಒಂದು ಸಂಜೆ ಜಪದ ನಡುವೆಯೇ ಅವಳಿಗೆ ಉಸಿರು ಸಿಗದಾಯಿತು. ಈಗಲೇ ಪ್ರಾಣ ಹೋಗುತ್ತದೆ ಅನ್ನಿಸಿ, ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ಹೆಂಗಸರು ಹಿಂದೆಯೇ ಬಂದರು. "ಏನಾಯ್ತು ನಾಂಗ್?"

ಭಯವಾಯಿತು ಅನ್ನಲು ನಾಲಿಗೆ ಏಳಲಿಲ್ಲ. "ಸುಮಾನ್ ತಿಂದಿದ್ದೆ. ಹೊಟ್ಟೆಗೆ ಆಗ್ಲಿಲ್ಲ ಅನ್ಸುತ್ತೆ" ಅಂದುಬಿಟ್ಟಳು.

ಸಾವಿನ ಮನೆಯ ಮೇಣದ ಬತ್ತಿ ಆರುವ ಮೊದಲೇ ಆ ಮಾತು ಊರು ಸುತ್ತಿ ಬಂದಿತ್ತು.

ಮುಂದಿನ ಸಂಜೆಗಳ ಜಪವನ್ನು ಬೇರೆಯವರಿಗೆ ಬಿಟ್ಟು, ಹೊಟ್ಟೆಯ ನೆವ ಹೇಳಿ ಅವಳು ಮನೆಯಲ್ಲೇ ಉಳಿದಳು. ಗಂಡ ಒದಿಲೋನ್ ತೆಂಗಿನ ಮರದಿಂದಿಳಿದು, ಕಳ್ಳಿನ ಬಿದಿರುಗೊಳವೆಯನ್ನು ಮೂಲೆಗೆ ಒರಗಿಸಿದ. "ಬಸಿಲಿಸಾ ಸುಮಾನ್‌ನೆಲ್ಲ ಹಂದಿಗೆ ಸುರೀತಿದ್ದಾಳೆ. ಅಲ್ಲಾ ಪೆಲಾ, ಅವತ್ತು ನಾನೂ ತಿಂದೆ, ನಿನಗಿಂತ ಜಾಸ್ತಿನೇ ತಿಂದೆ. ನಂಗೇನೂ ಆಗ್ಲಿಲ್ಲ. ನಿಂದೇನು ರಾಣಿ ಹೊಟ್ಟೆಯಾ?"

ಪೆಲಾಜಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಎಲ್ಲ ಹೇಳಿದಳು.

ಒದಿಲೋನ್‌ಗೆ ಅರ್ಥವಾಗಲಿಲ್ಲ. "ಪ್ರಾರ್ಥನೆ ಮಾಡೋಳಿಗೆ ಎಂಥ ಗಾಬರಿ? ಯಾವುದೋ ಗಾಳಿ ಸೋಕಿರ್ಬೇಕು. ಶುಂಠಿ ತಿಕ್ಕಿದ್ರೆ ಹೋಗುತ್ತೆ." ಶುಂಠಿ ತಿಕ್ಕಿದರೂ ಹೋಗದಿದ್ದಾಗ ಅವನೇ ಹೋಗಿ ಊರಿನ ಆರೋಗ್ಯ ಕಾರ್ಯಕರ್ತೆ ಲುಮಿನಾದಾಳನ್ನು ಕರೆತಂದ. ಅವಳು ನಾಡಿ ನೋಡಿ, ರಕ್ತದೊತ್ತಡ ನೋಡಿ, "ಮೊದಲು ಡಾಕ್ಟ್ರು ನೋಡ್ಲಿ" ಎಂದು ಪೇಟೆಯ ಆಸ್ಪತ್ರೆಗೆ ಜೊತೆಯಲ್ಲೇ ಹೋದಳು. ಹೃದಯಕ್ಕೇನೂ ಆಗಿಲ್ಲ, ಇದು ಗಾಬರಿಯ ಕಾಯಿಲೆ ಅಂದರು ಡಾಕ್ಟರು.

ಮನೆಗೆ ಬಂದು ಕೂತ ಮೇಲೆ ಪೆಲಾಜಿಯಾ ತಲೆ ಎತ್ತದೆ ಕೇಳಿದಳು. "ಹಾಗಾದ್ರೆ ನನ್ನ ನಂಬಿಕೆಯೆಲ್ಲ ಸುಳ್ಳಾ, ತಂಗಿ? ಸಾಯೋ ಮುಂಚೆ ನಿಕಾನೋರ್ ಭಯ ಆಗುತ್ತೆ ಅಂತ ಅತ್ತಾಗ, ನಂಬಿಕೆ ಇದ್ದೋರು ಹೆದರಲ್ಲ ಅಂತ ಬೈದು ಬಂದೋಳು ನಾನು."

"ಯೇಸುಸ್ವಾಮಿ ಶಿಲುಬೆಗೇರೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಹೆದರಿ ಬೆವತು ಹೋದ್ರಲ್ಲ, ಅವರಿಗೂ ನಂಬಿಕೆ ಸಾಲದಾಗಿತ್ತಾ, ನಾಂಗ್?" ಎಂದಳು ಲುಮಿನಾದಾ.

ವರ್ಷಾನುಗಟ್ಟಲೆ ಆ ಪ್ರಸಂಗ ಧ್ಯಾನಿಸಿದ್ದ ಪೆಲಾಜಿಯಾ ತಲೆ ಎತ್ತಿ ಅವಳನ್ನು ನೋಡಿದಳು.

"ಎಲ್ಲಿ, ಯಾವಾಗ್ಲೂ ಹೇಳೋ ಹಾಗೆ ನಮೋ ಮರಿಯಾ ಹೇಳಿ. ನಾನು ಜನರ ಪಾಲು ಹೇಳ್ತೀನಿ."

ಪೆಲಾಜಿಯಾ ಶುರು ಮಾಡಿದಳು. ಲುಮಿನಾದಾ ತನ್ನ ಪಾಲನ್ನು ಮುಗಿಸುವುದರೊಳಗೆ ಎರಡನೆಯದು, ಅದು ಮುಗಿಯುವುದರೊಳಗೆ ಮೂರನೆಯದು. ಲುಮಿನಾದಾ ಕೈ ಅಡ್ಡ ಹಿಡಿದಳು. "ಸ್ವಲ್ಪ ತಡೀರಿ. ನಮ್ಮ ಪಾಲನ್ನೂ ನೀವೇ ಕಿತ್ಕೊಂಡ್ರೆ ಉಸಿರಾಡೋದು ಯಾವಾಗ? ಹಿಂದಿನೋರು ಅರ್ಧ ನಿಮಗೆ, ಅರ್ಧ ಜನಕ್ಕೆ ಅಂತ ಕೊಟ್ಟಿದ್ದಾರೆ. ಜನ ಹೇಳೋವಾಗ ನೀವು ಬಾಯಿ ಮುಚ್ಚಿ, ಮೂಗಲ್ಲಿ ನಿಧಾನಕ್ಕೆ ಉಸಿರು ತಗೊಳ್ಳಿ. ಹೊಟ್ಟೆ ಮೇಲೆ ಕೈ ಇಟ್ಕೊಳ್ಳಿ, ಕೈ ಮೇಲೇಳ್ಬೇಕು. ಆಮೇಲೆ ನಿಮ್ಮ ಪಾಲನ್ನ ಉಸಿರು ಬಿಡ್ತಾ ಹೇಳಿ. ಬಿಸಿ ಗಂಜಿ ಊದ್ತೀವಲ್ಲ, ಅಷ್ಟು ಮೆತ್ತಗೆ."

"ಒಬ್ಬಳೇ ಇದ್ದಾಗ?"

"ಪಾದ ಎರಡೂ ನೆಲಕ್ಕೆ ಊರಿ ಕೂತ್ಕೊಳ್ಳಿ. ಒಳಗೆ ತಗೊಳ್ಳೋವಾಗ ಮನಸ್ಸಲ್ಲೇ 'ಯೇಸುವೇ' ಅನ್ನಿ. ಬಿಡೋವಾಗ 'ನನ್ನ ಜೊತೆ ಇರು' ಅನ್ನಿ. ಬಿಡೋದು ಇನ್ನೂ ನಿಧಾನ ಇರ್ಲಿ. ಬಲವಂತ ಬೇಡ, ತಲೆ ಸುತ್ತಿದ್ರೆ ಬಿಟ್ಟು ಮಾಮೂಲಿ ಉಸಿರಾಡಿ. ಆರಾಮಾಗಿದ್ದಾಗಲೂ ದಿನಾ ಮಾಡಿ, ಆಗ ಬೇಕಾದಾಗ ಕೈ ಹಿಡಿಯುತ್ತೆ. ಇದರಲ್ಲೂ ಕಮ್ಮಿ ಆಗ್ದೆ ಊಟ ನಿದ್ದೆ ಕೆಟ್ರೆ ಮತ್ತೆ ಡಾಕ್ಟ್ರ ಹತ್ರ ಹೋಗೋಣ. ಔಷಧಿ ತಗೊಂಡ್ರೆ ದೇವ್ರೇನೂ ಮುನಿಸ್ಕೊಳ್ಳಲ್ಲ."

"ಉಸಿರಾಡೋದು ಹೇಳ್ಕೊಡೋಕೂ ಸರ್ಕಾರ ಜನ ಇಟ್ಟಿದೆಯಾ?" ಎಂದು ಒದಿಲೋನ್ ಅಣಕಿಸಿದ. ಅಷ್ಟರಲ್ಲಿ ಅವನ ಕೈ ತನಗೆ ತಾನೇ ಅವನ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು. ಪೆಲಾಜಿಯಾ ಬಹಳ ದಿನದ ಮೇಲೆ ಸಣ್ಣಗೆ ನಕ್ಕಳು.

ಉಸಿರಿಗೆ ದಾರಿ ಸಿಕ್ಕಿತು. ಸುಳ್ಳು ಮಾತ್ರ ಎದೆಯಲ್ಲೇ ಕೂತಿತ್ತು.

ಪ್ರಾರ್ಥನೆಯ ಕೊನೆಯ ಸಂಜೆ ಬಸಿಲಿಸಾಳ ಮನೆ ತುಂಬಿತ್ತು. ಬಂದವರಿಗೆಂದು ಮೇಜಿನ ಮೇಲೆ ಅಂಗಡಿಯ ಬಿಸ್ಕತ್ತಿನ ಪೊಟ್ಟಣಗಳನ್ನು ಇಟ್ಟಿದ್ದಳು. ಒಂದನ್ನೂ ಒಡೆದಿರಲಿಲ್ಲ. ತನ್ನ ಕೈ ಸೋಕಿಲ್ಲವೆಂದು ಎಲ್ಲರೂ ನೋಡಲಿ ಎಂದು ಹಾಗೆಯೇ ಇಟ್ಟಿದ್ದಳು.

ಅದನ್ನು ಕಂಡದ್ದೇ ಪೆಲಾಜಿಯಾಳ ಎದೆ ಮತ್ತೆ ಬಡಿದುಕೊಳ್ಳತೊಡಗಿತು. ಅವಳು ಕುರ್ಚಿಯಲ್ಲಿ ಕೂತು ಪಾದ ಊರಿದಳು. ಹೊಟ್ಟೆಯ ಮೇಲೆ ಕೈ ಇಟ್ಟಳು. ಯೇಸುವೇ... ನನ್ನ ಜೊತೆ ಇರು. ಯೇಸುವೇ... ನನ್ನ ಜೊತೆ ಇರು. ಬಡಿತ ಪೂರ್ತಿ ನಿಲ್ಲಲಿಲ್ಲ, ಆದರೆ ಮಾತಾಡುವಷ್ಟು ಜಾಗ ಬಿಟ್ಟುಕೊಟ್ಟಿತು.

"ಜಪಕ್ಕೆ ಮುಂಚೆ ಒಂದು ಮಾತು" ಎಂದಳು. "ಅವತ್ತು ನನಗೆ ಹೊಟ್ಟೆ ಕೆಟ್ಟಿರ್ಲಿಲ್ಲ. ಗಾಬರಿಯಾಗಿತ್ತು. ಆಗಾಗ ಆಗುತ್ತೆ. ಹೇಳ್ಕೊಳ್ಳೋಕೆ ನಾಚಿಕೆಯಾಗಿ ಸುಮಾನ್ ಮೇಲೆ ಹಾಕ್ದೆ. ಬಸಿಲಿಸಾಳ ಅಡುಗೆಯಲ್ಲಿ ಯಾವ ದೋಷವೂ ಇಲ್ಲ."

ಅಂಗಳದ ಗಂಡಸರು ಇಸ್ಪೀಟು ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. ಪೆಲಾಜಿಯಾಳ ಕಿವಿ ಬಿಸಿಯಾಯಿತು. ಹಿತ್ತಲಿನ ಬಾಗಿಲು ತೆರೆದೇ ಇತ್ತು, ಆದರೆ ಅವಳು ಏಳಲಿಲ್ಲ.

ಬಸಿಲಿಸಾ ಬಿಸ್ಕತ್ತಿನ ಪೊಟ್ಟಣಗಳನ್ನು ಮೇಜಿನ ಅಂಚಿಗೆ ಸರಿಸಿದಳು. "ನಮ್ಮ ಮನೆಯವರಿಗೆ ಭಯ ಆದಾಗ ನೀನು ಏನಂದೆ, ನೆನಪಿದೆಯಾ ನಾಂಗ್?"

"ನೆನಪಿದೆ. ಕೈ ಹಿಡ್ಕೊಂಡು ಕೂರಬೇಕಾಗಿತ್ತು. ಬೈದುಬಿಟ್ಟೆ."

ಬಸಿಲಿಸಾ ಕಣ್ಣೊರೆಸಿಕೊಂಡಳು. ಕ್ಷಮಿಸಿದೆ ಅನ್ನಲಿಲ್ಲ. "ಶುರು ಮಾಡು. ಇವತ್ತಾದ್ರೂ ನಿಧಾನಕ್ಕೆ ಮಾಡು. ಒಂದು ದೋಣಿಗೆ ವರ್ಷ ತಗೋತಿದ್ದ ಮನುಷ್ಯ, ಅವರಿಗೆ ಯಾವತ್ತೂ ಅವಸರ ಇರ್ಲಿಲ್ಲ."

ಪೆಲಾಜಿಯಾ ತನ್ನ ಪಾಲು ಹೇಳಿ ನಿಲ್ಲಿಸಿದಳು. ಜನ ತಬ್ಬಿಬ್ಬಾದರು, ಆಮೇಲೆ ತಮ್ಮ ಪಾಲು ಹೇಳಿದರು. ಅವಳು ಮುಂದೆ ಕೂತಾಗ ಕೊನೆಯ ಮಾತಿನವರೆಗೂ ತಮ್ಮದೇ ದನಿ ಅವರಿಗೆ ಕೇಳಿದ್ದು ಅದೇ ಮೊದಲು. ಅವರ ದನಿ ತುಂಬಿಕೊಂಡಷ್ಟು ಹೊತ್ತೂ ಪೆಲಾಜಿಯಾಳ ಕೈಯ ಕೆಳಗೆ ಉಸಿರು ತುಂಬುತ್ತಿತ್ತು. ಇಷ್ಟು ವರ್ಷ ತಾನು ಈ ಜನರನ್ನು ಹೊತ್ತು ಓಡುತ್ತಿದ್ದೇನೆ ಎಂದುಕೊಂಡಿದ್ದಳು. ಅವರೂ ತನ್ನನ್ನು ಹೊರಬಲ್ಲರೆಂದು ಈಗ ತಿಳಿಯಿತು.

ಬೆಳಗಾದ ಮೇಲೆ ಜೆಟ್ಟಿಯಲ್ಲಿ ಬಸಿಲಿಸಾಳ ಬುಟ್ಟಿಯ ಪಕ್ಕ ಪೆಲಾಜಿಯಾ ಕೂತಿದ್ದಳು. ದೋಣಿಯವರ ಕಣ್ಣೆದುರೇ ಸುಮಾನ್ ಬಿಚ್ಚಿ ತಿಂದಳು. ಒದಿಲೋನ್ ಕೇಳದೆಯೇ ಇನ್ನೊಂದಕ್ಕೆ ಕೈ ಹಾಕಿದ. ಒಬ್ಬ ದೋಣಿಯವ ಬಂದ, ಆಮೇಲೆ ಇನ್ನೊಬ್ಬ. ಬಸಿಲಿಸಾ ಪೆಲಾಜಿಯಾಳ ಜೊತೆ ಇನ್ನೂ ಹೆಚ್ಚು ಮಾತಾಡಿರಲಿಲ್ಲ. ಆದರೆ ಬುಟ್ಟಿಯನ್ನು ಸ್ವಲ್ಪ ಸರಿಸಿ, ಅವಳಿಗೂ ನೆರಳಿನಲ್ಲಿ ಜಾಗ ಮಾಡಿಕೊಟ್ಟಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಎದೆಯೂ ಹೀಗೆ ಬಡಿದುಕೊಳ್ಳುತ್ತದೆಯೇ? ಅದನ್ನು ಹೊಟ್ಟೆನೋವೆಂದು ಮುಚ್ಚಿಡಬೇಡಿ, ಬೇರೆಯವರ ತಲೆಗೂ ಕಟ್ಟಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ನಂಬುವ ಒಬ್ಬರಿಗಾದರೂ ಹೇಳಿ. ನಿಮ್ಮ ಪ್ರಾರ್ಥನೆಯನ್ನು ಉಸಿರಿನ ಜೊತೆ ನಿಧಾನವಾಗಿ ನಡೆಸಿ. ಯಾರಾದರೂ ಬಂದು ನನಗೆ ಭಯವಾಗುತ್ತಿದೆ ಅಂದರೆ ಅವರ ನಂಬಿಕೆಯನ್ನು ಅಳೆಯಲು ಹೋಗಬೇಡಿ. ಪಕ್ಕದಲ್ಲಿ ಕೂತು, ಕೈ ಹಿಡಿದು, ಅವರ ಜೊತೆ ಒಂದು ಉಸಿರು ತೆಗೆದುಕೊಳ್ಳಿ.