ಅಪ್ಪ ಹಾಕಿದ ಪ್ಲಗ್ಗುಗಳು

ಬೈಕಿನ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಹಾಕುವುದು ಗ್ಯಾರೇಜಿನಲ್ಲಿ ಎಲ್ಲಕ್ಕಿಂತ ಸಣ್ಣ ಕೆಲಸ. ಸಣ್ಣದೆಂದು ಸಸಾರ ಮಾಡಿದವರನ್ನು ಅಪ್ಪ ಸುಮ್ಮನೆ ಬಿಟ್ಟದ್ದೇ ಇಲ್ಲ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಮಗಳು ಕೆಲಸ ಕಲಿಯುವಾಗ ಒಮ್ಮೆ ಪ್ಲಗ್ಗನ್ನು ಮೊದಲೇ ಪಾನಾ ಹಾಕಿ ತಿರುಗಿಸಲು ಹೋಗಿ ಅವನ ಬಾಯಿಗೆ ಸಿಕ್ಕಿದ್ದಳು.

"ಮೊದಲು ಬೆರಳಲ್ಲಿ ಕೂರಿಸು. ಥ್ರೆಡ್ಡಿನ ಸುತ್ತು ಹತ್ತಿದ್ದು ಬೆರಳಿಗೆ ಗೊತ್ತಾಗ್ಬೇಕು. ಪಾನಾ ಅನ್ನೋದು ಕತ್ತೆ ಕಣೇ, ಓರೆ ಇದ್ರೂ ಎಳ್ಕೊಂಡು ಹೋಗತ್ತೆ."

ಈಗ ಆ ಬೆರಳುಗಳಿಗೇ ಏನೂ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಅಂಗಾಲಿಗೆ ಜೋಮು ಹಿಡಿಸಿ, ಆಮೇಲೆ ಬೆರಳ ತುದಿಗೆ ಬಂದಿತ್ತು. ಅಪ್ಪ ಬಾಯಿ ಬಿಡಲಿಲ್ಲ. ಸುಡುವ ಚಹಾದ ಲೋಟವನ್ನು ಅವನು ಬೆರಳ ತುದಿಗಳಲ್ಲೇ ಒತ್ತಿ ಹಿಡಿದು ಹರಟುತ್ತಿದ್ದಾಗ ಮಗಳಿಗೆ ಅನುಮಾನ ಬಂತು. ಚಳಿಗಾಲದ ಒಂದು ಬೆಳಿಗ್ಗೆ ಅವನು ಹಾಕಿದ ಪ್ಲಗ್ ಓರೆಯಾಗಿ ಕೂತದ್ದನ್ನು ನೋಡಿದಾಗ ಖಾತ್ರಿಯಾಯಿತು.

ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಅಮ್ಮ ಹೋದ ಮೇಲೆ ಅವನಿಗೆ ಬೆಳಿಗ್ಗೆ ಎದ್ದರೆ ಬಾಗಿಲು ತೆಗೆಯಲು ಗ್ಯಾರೇಜು ಒಂದೇ ಉಳಿದಿತ್ತು. ಅದನ್ನೂ ಕಿತ್ತುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು, ಅಪ್ಪ ಊಟಕ್ಕೋ ಕೈ ತೊಳೆಯಲೋ ಹೋದಾಗ ಅವನು ಹಾಕಿದ ಪ್ಲಗ್ ಬಿಚ್ಚಿ, ಬೆರಳಿಂದ ಕೂರಿಸಿ, ಮತ್ತೆ ಬಿಗಿ ಮಾಡಿಡುತ್ತಿದ್ದಳು. ಗಿರಾಕಿಗಳು ನಗುನಗುತ್ತ ಹೋದರು. ಅಪ್ಪ ಹಿಗ್ಗಿ ಹೀರೇಕಾಯಿಯಾದ.

"ನೋಡ್ದ್ಯಾ, ವಯಸ್ಸಾದ್ರೂ ಕೈ ಮರೆತಿಲ್ಲ," ಅನ್ನುತ್ತಿದ್ದ. ಮಗಳಿಗೆ ಅದನ್ನು ಕೇಳಿ ಸಂತೋಷವೇ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಹೀಗಿರುವಾಗ ಅವಳು ಕ್ಲಚ್ ಕೇಬಲ್ ತರಲು ಪೇಟೆಗೆ ಹೋದ ದಿನವೇ ಅಪ್ಪ ನರ್ಸಮ್ಮನ ಬೈಕಿಗೆ ಹೊಸ ಪ್ಲಗ್ ಹಾಕಿ ಕಳಿಸಿಬಿಟ್ಟ. ನರ್ಸಮ್ಮ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಳ್ಳುವವರು. ಮರುದಿನ ಅವರು ಬಿಸಿಲಲ್ಲಿ ಬೈಕು ತಳ್ಳಿಕೊಂಡೇ ಬಂದರು. ಏರಿನಲ್ಲಿ ಪ್ಲಗ್ ಪಟಾರೆಂದು ಹಾರಿ, ಅವರ ಮೊಣಕಾಲಿಗೆ ಬಡಿದು, ರಸ್ತೆಗೆ ಬಿದ್ದಿತ್ತು.

"ಈಗಿನ ಪ್ಲಗ್ಗುಗಳ ಹಣೆಬರಹವೇ ಇಷ್ಟು," ಎಂದ ಅಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಕೂತ್ಕೊಳ್ಳಿ ನರ್ಸಮ್ಮ, ಬೇರೆ ಹಾಕ್ಕೊಡ್ತೀನಿ, ಒಂದು ಗಳಿಗೆ."

ಪ್ಲಗ್ ಕೂರುವ ತೂತಿಗೆ ಕಿರುಬೆರಳು ಹಾಕಿ ಸುತ್ತಲೂ ಆಡಿಸಿದ. ಒಳಗಿನ ಥ್ರೆಡ್ ಪೂರ್ತಿ ಸವೆದು ಕಿತ್ತುಹೋಗಿದ್ದು ಹಿಂದಿನಿಂದ ಬಗ್ಗಿ ನೋಡಿದ ಮಗಳ ಕಣ್ಣಿಗೇ ಕಾಣುತ್ತಿತ್ತು. "ಥ್ರೆಡ್ ಚೆನ್ನಾಗೇ ಇದೆ," ಎಂದ ಅಪ್ಪ.

ನರ್ಸಮ್ಮ ನಂಬಿ ತಲೆಯಾಡಿಸಿದರು. ಈಗ ಸುಮ್ಮನಿದ್ದರೆ ಈ ಹೆಂಗಸು ಇದೇ ಬೈಕು ಹತ್ತಿ ಹೋಗುತ್ತಾರೆಂದು ಮಗಳಿಗೆ ಹೊಳೆಯಿತು.

"ಅಪ್ಪಾ, ಥ್ರೆಡ್ ಹೋಗಿದೆ. ಹೊಸದಾಗಿ ಥ್ರೆಡ್ ಕೊರೆಸೋಕೆ ಲೇತ್ ಅಂಗಡಿಗೆ ಕಳಿಸ್ಬೇಕು."

"ಈಗಷ್ಟೇ ಬೆರಳಿಟ್ಟು ನೋಡಿದ್ನಲ್ಲೇ."

"ನಿನ್ನ ಬೆರಳಿಗೆ ಗೊತ್ತಾಗ್ತಿಲ್ಲ ಅಪ್ಪ."

ಅಪ್ಪ ನರ್ಸಮ್ಮನ ಕಡೆ ನೋಡಿ ನಕ್ಕ. "ಗೊತ್ತಾಗದೆ ಇದ್ರೆ ಇಷ್ಟು ದಿನ ಹಾಕಿದ್ದು ಹೇಗೆ? ಇದಕ್ಕೆ ಮುಂಚೆ ಒಂದಾದ್ರೂ ವಾಪಸ್ ಬಂತಾ?"

"ನೀನು ಹಾಕಿದ್ಮೇಲೆ ನಾನು ಬಿಚ್ಚಿ ಮತ್ತೆ ಹಾಕ್ತಿದ್ದೆ."

ನರ್ಸಮ್ಮ ಏನೋ ನೆಪ ಹೇಳಿ ಹೊರಗೆ ಹೋದರು. ಅಪ್ಪ ಹಳೇ ಟೈರುಗಳ ಮೇಲೆ ಕೂತ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಎಲ್ಲಾನೂ ಓರೆ ಕೂತಿದ್ವಾ?" ಎಂದು ಕೇಳಿದ.

"ಇಲ್ಲಪ್ಪ. ಎಷ್ಟೋ ಸರಿಯಾಗೇ ಇದ್ವು." ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಬಿಚ್ಚುವಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು ಬೇಕಾದಷ್ಟಿದ್ದವು.

"ಹಾಗಾದ್ರೆ ಅವನ್ನ ಯಾಕೆ ಬಿಚ್ದೆ?"

ಮೊದಮೊದಲು ಅವಳು ಪರೀಕ್ಷಿಸಿ ನೋಡುತ್ತಿದ್ದಳು. ಯಾವಾಗಲೋ ನೋಡುವುದನ್ನೇ ಬಿಟ್ಟಿದ್ದಳು. ಅಪ್ಪ ಹಾಕಿದ್ದೆಂದರೆ ಬಿಚ್ಚಬೇಕಾದ್ದೇ ಎಂದು ಅವಳ ಕೈ ತೀರ್ಮಾನ ಮಾಡಿಬಿಟ್ಟಿತ್ತು.